ಊತ ಇಳಿಸೋ ಡ್ರಿಪ್ಪು

ನಮ್ಮ ಮೆಕ್ಯಾನಿಕಲ್ ಕಣ್ಣಿಗೆ ತಲೆಯ ಪೆಟ್ಟು ಅಂದ್ರೆ ಪ್ರೆಶರ್ ಸಮಸ್ಯೆ. ಮೆದುಳು ಊದಿಕೊಳ್ಳುತ್ತೆ, ಬುರುಡೆ ಹಿಗ್ಗಲ್ಲ, ಒಳಗೆ ಒತ್ತಡ ಏರುತ್ತೆ. ಮೆದುಳಿನ ಗೆಡ್ಡೆಯ ಸುತ್ತಲಿನ ಊತವನ್ನ ಸ್ಟೆರಾಯ್ಡ್ ಇಳಿಸುತ್ತೆ, ಹಾಗಾದ್ರೆ ಪೆಟ್ಟಿಗೂ ಅದನ್ನೇ ಕೊಡಿ. ದಶಕಗಳ ಕಾಲ ಎಷ್ಟೋ ಡಾಕ್ಟರುಗಳು ಹೀಗೇ ಕೊಡ್ತಿದ್ರು.

ಇದನ್ನು ದೊಡ್ಡದಾಗಿ ಪರೀಕ್ಷೆಗೆ ಹಚ್ಚಿದ್ದು 'ಕ್ರ್ಯಾಶ್' ಅನ್ನೋ ಟ್ರಯಲ್. 49 ದೇಶ, 10,008 ಗಾಯಾಳುಗಳು. ಪೆಟ್ಟು ಬಿದ್ದ 8 ಗಂಟೆಯೊಳಗೆ ಅರ್ಧ ಜನಕ್ಕೆ ಸ್ಟೆರಾಯ್ಡ್ ಡ್ರಿಪ್, ಉಳಿದವರಿಗೆ ನೋಡೋಕೆ ಹಾಗೇ ಇರೋ, ಔಷಧಿ ಇಲ್ಲದ ಡ್ರಿಪ್. ಯಾರಿಗೆ ಯಾವುದು ಅನ್ನೋದು ಲಾಟರಿ. ಡಾಕ್ಟರಿಗೂ ಗೊತ್ತಿರ್ತಿರಲಿಲ್ಲ.

ಲಾಟರಿ ಅಂತ ಓದಿದಾಗ ನಮಗೆ ಸಿಟ್ಟೇ ಬಂತು. ಹೋದ ವರ್ಷ ನಮ್ಮ ಹಾಸ್ಟೆಲಿನ ಹುಡುಗನೊಬ್ಬ ಬೈಕಿಂದ ಬಿದ್ದಾಗ ಕ್ಯಾಶುವಾಲ್ಟಿ ಹೊರಗೆ ರಾತ್ರಿಯಿಡೀ ನಿಂತಿದ್ವಿ. (ಈಗ ಆರಾಮಾಗಿದ್ದಾನೆ, ನಮ್ಮ ಅಸೈನ್‌ಮೆಂಟನ್ನೇ ಕಾಪಿ ಹೊಡೀತಾನೆ.) ಆವತ್ತು ಯಾರಾದ್ರೂ 'ಔಷಧಿನೋ ಬರೀ ಉಪ್ಪುನೀರೋ, ಚೀಟಿ ಎತ್ತೋಣ' ಅಂದಿದ್ರೆ ಜಗಳಕ್ಕೇ ನಿಲ್ತಿದ್ವಿ. 'ಔಷಧಿನೇ ಕೊಡಿ ಸಾರ್' ಅಂತ ಕಾಲು ಹಿಡೀತಿದ್ವಿ.

20,000 ಜನರನ್ನ ಸೇರಿಸಬೇಕು ಅಂತಿದ್ದ ಟ್ರಯಲನ್ನ 2004ರಲ್ಲಿ ಅರ್ಧಕ್ಕೇ ನಿಲ್ಲಿಸಿದ್ರು. ಎರಡು ವಾರದೊಳಗೆ ತೀರಿಕೊಂಡವರು ಔಷಧಿ ಇಲ್ಲದ ಗುಂಪಲ್ಲಿ ನೂರಕ್ಕೆ ಸುಮಾರು 18, ಸ್ಟೆರಾಯ್ಡ್ ಗುಂಪಲ್ಲಿ ಸುಮಾರು 21. ಮೂರೇ ತಾನೇ ಅನ್ನಿಸಬಹುದು. ಒಬ್ಬ ಡಾಕ್ಟರ್ ಜೀವಮಾನವಿಡೀ ವಾರ್ಡಲ್ಲಿ ಓಡಾಡಿದ್ರೂ ಆ ಮೂರು ಕಣ್ಣಿಗೆ ಬೀಳಲ್ಲ. ಸತ್ತವರೆಲ್ಲ ಪೆಟ್ಟಿಂದ ಸತ್ತ ಹಾಗೇ ಕಾಣ್ತಾರೆ. ಹತ್ತು ಸಾವಿರ ಜನರನ್ನ ಚೀಟಿ ಎತ್ತಿ ಎರಡು ಸಾಲು ಮಾಡಿದ ಮೇಲೇ ಅದು ಕಂಡಿದ್ದು.