ಮೂರು ಶನಿವಾರ ಮತ್ತು ಒಂದು ಖಣದ ಕುರ್ತಾ

ನಮ್ಮೂರು ಇಟಗಿ. ಹೆಸರು ಹೇಳಿದ ಕೂಡಲೇ ಕೆಲವರು “ಮಹಾದೇವ ದೇವಾಲಯದ ಇಟಗಿಯಾ?” ಎಂದು ಕೇಳುತ್ತಾರೆ. ಅದು ಕೊಪ್ಪಳ ಜಿಲ್ಲೆಯದು. ನಮ್ಮದು ಗದಗ ಜಿಲ್ಲೆಯ, ಭೀಮಾಂಬಿಕಾ ದೇವಿಯ ಇಟಗಿ. ನಮ್ಮ ಅಮ್ಮಿ ಅಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಈ ಒಂದು ಮಾತನ್ನು ಹೇಳಲು ನಾನು ಕಳೆದ ವರ್ಷ ಎಷ್ಟು ಒದ್ದಾಡಿದೆ ಎಂಬುದೇ ಈ ಲೇಖನ.

2025ರ ಮಾರ್ಚ್ ತಿಂಗಳು. ಪ್ರಥಮ ಪಿಯುಸಿ ಪರೀಕ್ಷೆ ಮುಗಿದಿತ್ತು. ಬೇವಿನ ಮರಗಳು ಹೂ ಬಿಟ್ಟಿದ್ದವು, ಬಿಸಿಲು ಆಗಲೇ ಜೋರಾಗಿತ್ತು. ಹುಬ್ಬಳ್ಳಿಯಲ್ಲಿರುವ ಖಾಲಾ ಫೋನ್ ಮಾಡಿ, “ರಂಜಾನ್ ತಿಂಗಳು, ಹುಬ್ಬಳ್ಳಿ ನೋಡೋಕೆ ಚೆಂದ ಇರುತ್ತೆ, ಬಾ” ಎಂದರು. ವಾರದ ದಿನಗಳಲ್ಲಿ ಅಮ್ಮಿಗೆ ಕೈಗೂಡಿಸಲು ನಾನು ಬೇಕು. ಹಾಗಾಗಿ ಶನಿವಾರ ಹೋಗಿ ಭಾನುವಾರ ಸಂಜೆಯೊಳಗೆ ಮರಳುವುದೆಂದು ಒಪ್ಪಂದವಾಯಿತು. ಬಸ್ ಖರ್ಚಿನ ಚಿಂತೆ ಇರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಆ ಟಿಕೆಟ್ ಇಲ್ಲದಿದ್ದರೆ ಅಬ್ಬಾ ಮೂರು ಸಲ ಕಳಿಸುತ್ತಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ ಎಂಬ ಜಂಬಕ್ಕೆ ಸಣ್ಣದೊಂದು ನೋಟ್‌ಬುಕ್ಕಿನಲ್ಲಿ ಖರ್ಚು ಬರೆಯಲು ಶುರು ಮಾಡಿದೆ. ಮೊದಲ ಸಾಲು: ಬಸ್ಸು, 0.

ಮೊದಲ ಶನಿವಾರ ಖಾಲಾನ ಮಗಳು ನನ್ನನ್ನು ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋದಳು. ಅಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಹತ್ತು ರೂಪಾಯಿಯ ಟಿಕೆಟ್ ತೆಗೆದುಕೊಂಡು ಈ ತುದಿಯಿಂದ ಆ ತುದಿಗೆ ನಡೆಯೋಣ ಎಂದು ಹೊರಟೆವು. ರೋಜಾ ಇಟ್ಟುಕೊಂಡು, ಆ ಬಿಸಿಲಿನಲ್ಲಿ! ಅರ್ಧಕ್ಕೇ ಬೆಂಚಿನ ಮೇಲೆ ಕುಳಿತು ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಇಫ್ತಾರ್ ಆದ ಮೇಲೆ ದುರ್ಗದಬೈಲ್‌ಗೆ ಹೋದೆವು. ನೀವು ಸಂಜೆ ಹೊತ್ತು ಅಲ್ಲಿ ನಿಂತಿದ್ದರೆ ನಾನು ವರ್ಣಿಸುವುದು ಬೇಕಾಗಿಲ್ಲ. ಒಂದು ಗಾಡಿಯಲ್ಲಿ ಗಿರಮಿಟ್ಟು, ಇನ್ನೊಂದರಲ್ಲಿ ಮಿರ್ಚಿ ಭಜಿ, ಮತ್ತೊಂದರಲ್ಲಿ ದಹಿಪುರಿ. ನಮ್ಮೂರಲ್ಲೂ ಗಿರಮಿಟ್ಟು ಸಿಗುತ್ತದೆ, ನಮ್ಮೂರಿನದೇ ರುಚಿ ಹೆಚ್ಚು ಎಂದು ನಾನು ವಾದ ಮಾಡಿದೆ. ಆದರೆ ದಹಿಪುರಿಯ ಮುಂದೆ ನನ್ನ ವಾದ ನಿಲ್ಲಲಿಲ್ಲ. ನೋಟ್‌ಬುಕ್: ದಹಿಪುರಿ, 50.

ಎರಡನೆಯ ಶನಿವಾರ ಉಣಕಲ್ ಕೆರೆಗೆ ಹೋದೆವು. ಖಾಲಾನ ಮಗಳ ಕಾಲೇಜಿನ ಗೆಳತಿಯೊಬ್ಬಳು ಜೊತೆಗೆ ಬಂದಳು. ನಾನು ಅಂದು ಅಮ್ಮಿ ಹೊಲಿದ ಕುರ್ತಾ ಹಾಕಿಕೊಂಡಿದ್ದೆ. ಅದು ಗುಳೇದಗುಡ್ಡದ ಖಣದ್ದು. ನಮ್ಮ ಕಡೆ ಇಳಕಲ್ ಸೀರೆಯ ಮೇಲೆ ಖಣದ ಕುಪ್ಪಸ ತೊಡುವುದು ಅಜ್ಜಿಯರ ಕಾಲದಿಂದ ಬಂದದ್ದು. ಆದರೆ ಖಣದ ಪನ್ನಾ ಕಿರಿದು. ಒಂದು ಕುರ್ತಾ ಆಗಬೇಕಾದರೆ ತುಂಡುಗಳನ್ನು ಜೋಡಿಸಬೇಕು, ಜೋಡಿಸಿದ್ದು ಕಾಣದಂತೆ ಅಂಚನ್ನು ಕೂಡಿಸಬೇಕು. ಅಮ್ಮಿ ಎದೆಯ ಭಾಗಕ್ಕೆ ಖಣ ಇಟ್ಟು, ಕೆಳಗೆ ಸಾದಾ ಹತ್ತಿ ಬಟ್ಟೆ ಹಚ್ಚಿ, ತೋಳಿನ ತುದಿಗೆ ಮತ್ತೆ ಖಣದ ಪಟ್ಟಿ ಕೊಟ್ಟಿದ್ದರು.

ಕೆರೆಯ ನಡುವೆ ನಿಂತಿರುವ ವಿವೇಕಾನಂದರ ಪ್ರತಿಮೆಯ ಕಡೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುವಾಗ ಆ ಗೆಳತಿ ನನ್ನ ತೋಳು ಹಿಡಿದು ನೋಡಿದಳು. “ಎಷ್ಟ್ ಚೆಂದ ಐತಿ! ಎಲ್ಲಿ ತಗೊಂಡಿ?”

ನನ್ನ ಬಾಯಿಂದ ಬಂದದ್ದು: “ಇಲ್ಲೇ, ಹುಬ್ಬಳ್ಳಿಯೊಳಗ. ಶಾ ಬಜಾರ್‌ದಾಗ.”

ಯಾಕೆ ಹಾಗೆ ಹೇಳಿದೆ ಎಂದು ಆ ರಾತ್ರಿ ಎಷ್ಟೋ ಹೊತ್ತು ಯೋಚಿಸಿದೆ. ಯಾರೂ ನನ್ನನ್ನು ಹೀಯಾಳಿಸಿರಲಿಲ್ಲ. ಅವರಿಬ್ಬರೂ ಅಂಗಡಿಗಳ ಹೆಸರು, ಆಫರ್‌ಗಳ ಹೆಸರು ಮಾತಾಡುತ್ತಿದ್ದರು. ಆ ಮಾತಿನ ನಡುವೆ “ನಮ್ಮ ಅಮ್ಮಿ ಹೊಲಿದದ್ದು” ಎಂಬುದು ಹಳ್ಳಿಯ ಮಾತಿನಂತೆ ಕೇಳುತ್ತದೆ ಅನ್ನಿಸಿತು. ಖಾಲಾನ ಮಗಳಿಗೆ ನಿಜ ಗೊತ್ತಿತ್ತು. ಅವಳು ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಮೂರನೆಯ ಶನಿವಾರ ರಾತ್ರಿ ಶಾ ಬಜಾರ್. ರಂಜಾನಿನ ಕೊನೆಯ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಳೆ, ಅತ್ತರ್, ಶ್ಯಾವಿಗೆ, ಒಣಹಣ್ಣು, ಟೋಪಿ, ಚಪ್ಪಲಿ, ಸಾಲು ಸಾಲು ದೀಪ. ಅಮ್ಮಿ ಈದ್‌ಗೆ ನನಗೆ ಬಟ್ಟೆ ತಗೊಳ್ಳಲು 1,500 ರೂಪಾಯಿ ಕೊಟ್ಟಿದ್ದರು. “ಈ ಸಲ ನಿನಗೆ ಇಷ್ಟವಾದದ್ದು ರೆಡಿಮೇಡ್ ತಗೋ, ನನಗೆ ಗಿರಾಕಿಗಳ ಕೆಲಸವೇ ಮುಗಿಯುವುದಿಲ್ಲ” ಎಂದಿದ್ದರು.

ಆ ಗೆಳತಿಯೂ ಬಂದಿದ್ದಳು. ಬಂದವಳೇ “ನೀ ಕುರ್ತಾ ತಗೊಂಡ ಅಂಗಡಿ ತೋರಿಸು” ಎಂದಳು. ನಾನು ಎಡಕ್ಕೆ ಕರೆದುಕೊಂಡು ಹೋದೆ, ಬಲಕ್ಕೆ ಕರೆದುಕೊಂಡು ಹೋದೆ. “ಇಲ್ಲೇ ಇತ್ತು, ಕಾಣವಲ್ದು” ಎಂದೆ. ಮುಕ್ಕಾಲು ಗಂಟೆ ಪಾಪ ಆ ಹುಡುಗಿಯನ್ನು ಇಲ್ಲದ ಅಂಗಡಿಗಾಗಿ ಸುತ್ತಿಸಿದೆ. ಕೊನೆಗೆ ಒಂದು ಕಡೆ ಖಣದ ಕುರ್ತಾ ಕಂಡಿತು. ಬೆಲೆ 1,800. ಅವಳು ಮುಂಭಾಗ ನೋಡುತ್ತಿದ್ದಾಗ ನಾನು ಅಮ್ಮಿಯ ಅಭ್ಯಾಸದಂತೆ ಅದನ್ನು ತಿರುವಿ ಒಳಗಿನ ಹೊಲಿಗೆ ನೋಡಿದೆ. ಅಸ್ತರ್ ಇರಲಿಲ್ಲ. ಮುಂದೆ ದಪ್ಪಗಾದರೆ ಬಿಚ್ಚಿ ಅಗಲ ಮಾಡಲು ಒಳಗೆ ಒಂದು ಬೆರಳಿನಷ್ಟೂ ಬಟ್ಟೆ ಬಿಟ್ಟಿರಲಿಲ್ಲ. “ಬ್ಯಾಡ, ಬಾ” ಎಂದೆ. ಅವಳಿಗೆ ಬೇಸರವಾಯಿತು. ನಾನೂ ಏನೂ ಕೊಳ್ಳಲಿಲ್ಲ. ನೋಟ್‌ಬುಕ್: ಬಳೆ, 60, ಐಸ್‌ಕ್ರೀಮ್, 40, ಸುಳ್ಳು ಎಂಬುದಕ್ಕೆ ಯಾವ ಖಾತೆ ಎಂದು ತಿಳಿಯಲಿಲ್ಲ.

ನಾಲ್ಕನೆಯ ವಾರ ನಾನು ಹೋಗಲಿಲ್ಲ. ಆ ವರ್ಷ ಮಾರ್ಚ್ 30, ಭಾನುವಾರ ಯುಗಾದಿ. ಚಂದ್ರ ಕಂಡರೆ ಮರುದಿನವೇ ಈದ್. ಎರಡೂ ಹಬ್ಬದ ಬಟ್ಟೆಗಳು ಒಟ್ಟಿಗೆ ಬಂದು ನಮ್ಮ ಮನೆಯ ಮಂಚದ ಮೇಲೆ ಗುಡ್ಡೆಯಾಗಿದ್ದವು. ಶನಿವಾರ ರಾತ್ರಿ ಯುಗಾದಿಯವರ ಕುಪ್ಪಸಗಳು ಮುಗಿದವು. ಅಮ್ಮಿ ಮಷೀನ್ ತುಳಿದರು, ನಾನು ಹುಕ್ಕು ಹಚ್ಚಿದೆ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಡಬ್ಬಿಯಲ್ಲಿ ಹೋಳಿಗೆ, ಲೋಟದಲ್ಲಿ ಬೇವು ತಂದು, “ರೋಜಾ ಬಿಟ್ಟ ಮ್ಯಾಲ ಕುಡೀರಿ” ಎಂದು ಮುಚ್ಚಿಟ್ಟು ಹೋದರು. ಸಂಜೆ ನಾವು ಮಾಳಿಗೆ ಹತ್ತಿದಾಗ ಆ ಅಜ್ಜಿಯೂ ಯುಗಾದಿ ಚಂದ್ರನನ್ನು ನೋಡಲು ತಮ್ಮ ಮಾಳಿಗೆಯ ಮೇಲೆ ಇದ್ದರು. ಮೊದಲು ಅವರಿಗೇ ಕಂಡಿತು. “ಅಲ್ಲಿ, ಬೇವಿನ ಗಿಡದ ಮ್ಯಾಲ!” ಎಂದು ಕೂಗಿದರು. ಅಮ್ಮಿ ದುಆ ಮಾಡಿ, ತಕ್ಷಣ ಕೆಳಗಿಳಿದರು. ಈದ್‌ನ ಇನ್ನೂ ನಾಲ್ಕು ಜೋಡಿ ಬಾಕಿ ಇತ್ತು.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮಿ ಸೂಜಿಗೆ ದಾರ ಪೋಣಿಸಲಾಗದೆ ನನ್ನ ಕೈಗೆ ಕೊಟ್ಟರು. ಕಣ್ಣು ಕೆಂಪಾಗಿದ್ದವು. ನಾನು ದಾರ ಪೋಣಿಸಿ ಕೊಟ್ಟು, ಫೋನ್ ತೆಗೆದು, ಆ ಗೆಳತಿಗೆ ಬರೆದೆ: “ಆ ಕುರ್ತಾ ಅಂಗಡಿಯದಲ್ಲ. ನಮ್ಮ ಅಮ್ಮಿ ಹೊಲಿದದ್ದು. ಸುಳ್ಳು ಹೇಳಿದೆ, ಕ್ಷಮಿಸು.”

ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಾದಳು ಕೂಡ: “ಮುಕ್ಕಾಲು ತಾಸು ನನ್ನ ಕಾಲು ನೋಯಿಸಿದಿ!” ಎರಡು ನಿಮಿಷ ಬಿಟ್ಟು ಇನ್ನೊಂದು ಸಂದೇಶ: “ನನಗೊಂದು ಹೊಲಿದು ಕೊಡ್ತಾರೇನು? ಎಷ್ಟಾಗ್ತದ?”

ಅಮ್ಮಿಯನ್ನು ಕೇಳಿದೆ. ತಲೆ ಎತ್ತದೆ “ಇನ್ನೂರೈವತ್ತು” ಎಂದರು.

ಈದ್ ಮುಗಿದ ಮರುದಿನ ನಾನು ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಲೆಕ್ಕ ಹಾಕಿದೆ. ಅಸ್ತರ್ 120, ದಾರ ಮತ್ತು ಗುಂಡಿ 30, ಮಷೀನಿನ ಎಣ್ಣೆ, ರಿಪೇರಿ 20. ಒಟ್ಟು 170. ಉಳಿಯುವುದು 80. ಕೆಲಸ ಆರು ಗಂಟೆ. ಗಂಟೆಗೆ 14 ರೂಪಾಯಿಯೂ ಬೀಳುವುದಿಲ್ಲ. ಹಿಂದಿನ ಪುಟದಲ್ಲಿ ದಹಿಪುರಿ, 50 ಎಂದಿತ್ತು. ಅಂದರೆ ಅಮ್ಮಿಯ ಮೂರೂವರೆ ಗಂಟೆಗೂ ಹೆಚ್ಚು. ಪುಟ ತೋರಿಸಿದಾಗ ನನ್ನ ದನಿ ನಡುಗಿತು. ಅಮ್ಮಿ ನಕ್ಕರು. “ತಿಂದದ್ದನ್ನು ಲೆಕ್ಕ ಹಾಕಿ ಅಳಬೇಡ. ನಾನು ದುಡಿಯುವುದು ನೀವು ತಿನ್ನಲಿ ಅಂತಲೇ. ಮುಂದಿನ ಸಲ ನನ್ನನ್ನೂ ಕರೆದುಕೊಂಡು ಹೋಗು, ನನಗೂ ಬಸ್ಸು ಪುಕ್ಕಟೆ” ಎಂದರು.

ಗಂಟೆಗೆ 50ರಂತೆ ಕೂಲಿ ಹಿಡಿದು, ಸ್ವಲ್ಪ ಲಾಭ ಸೇರಿಸಿ, ನಾನು ಕುರ್ತಾಗೆ 550 ಎಂದು ಬರೆದೆ. “ಇತ್ತೇ ಪೈಸೆ ಕೌನ್ ದೇತೇ?” ಎಂದು ಅಮ್ಮಿ ಗಾಬರಿಯಾದರು. ಗೆಳತಿ ಒಂದು ಮಾತೂ ಚೌಕಾಸಿ ಮಾಡದೆ ಕೊಟ್ಟಳು. ಆದರೆ ಊರಿನ ಗಿರಾಕಿಗಳಿಗೆ ಅಮ್ಮಿ ಇಂದಿಗೂ ಹಳೆಯ ದರವನ್ನೇ ಹೇಳುತ್ತಾರೆ. “ಅವರಿಗೆ ಹೇಗೆ ಕೇಳಲಿ, ಬೇವು ಬೆಲ್ಲ ತಂದು ಕೊಟ್ಟವರು” ಎನ್ನುತ್ತಾರೆ. ಈ ಪ್ರಶ್ನೆಗೆ ನಮ್ಮ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ.

ಏಪ್ರಿಲ್‌ನ ಒಂದು ಶನಿವಾರ ನಾವಿಬ್ಬರೂ ಎರಡು ಶೂನ್ಯ ಟಿಕೆಟ್ ಹಿಡಿದು ಹುಬ್ಬಳ್ಳಿಗೆ ಹೋದೆವು. ಅಮ್ಮಿ ಶಾ ಬಜಾರ್‌ನಲ್ಲಿ ಪ್ರತಿಯೊಂದು ಕುರ್ತಾವನ್ನೂ ತಿರುವಿ ಒಳಗೆ ನೋಡಿದರು, ಏನನ್ನೂ ಕೊಳ್ಳಲಿಲ್ಲ. ಅಂಗಡಿಯವರು ಗೊಣಗಿದರು. ನಂತರ ದುರ್ಗದಬೈಲ್‌ನಲ್ಲಿ ಎರಡು ಪ್ಲೇಟ್ ದಹಿಪುರಿ ತಿಂದೆವು. ಅಮ್ಮಿಗೆ ಖಾರ ಸಾಲಲಿಲ್ಲ. ನೋಟ್‌ಬುಕ್: ದಹಿಪುರಿ, 100.

ನಮ್ಮ ತರಗತಿಯಲ್ಲಿ ಯಾರಾದರೂ ನನ್ನ ಬಟ್ಟೆ ಎಲ್ಲಿಯದು ಎಂದು ಕೇಳಿದರೆ ಈಗ ನೇರವಾಗಿ ಹೇಳುತ್ತೇನೆ. ಹೊಲಿಸಬೇಕಾದರೆ ಅಳತೆಯ ಬಟ್ಟೆ ತನ್ನಿ. ದರ ಮಾತ್ರ ನನ್ನನ್ನು ಕೇಳಿ, ಅಮ್ಮಿಯನ್ನು ಕೇಳಬೇಡಿ.