ಮುಳುಗಡೆಯವರ ಊರಿನಲ್ಲಿ

ಕಳೆದ ಕಾರ್ತಿಕದಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಹೊರಟಿದ್ದ ನಾವು ಶರಣಬಂಧುವೊಬ್ಬರ ಒತ್ತಾಯಕ್ಕೆ ಮಣಿದು ಕಾಡಂಚಿನ ಊರೊಂದಕ್ಕೆ ಹೋದೆವು. ಅಡಕೆ ತೋಟ, ಹೆಂಚಿನ ಮನೆ, ತುಂಬಿದ ಬಾವಿ. ಮೂರು ತಲೆಮಾರಿನ ಬಾಳು ಕಣ್ಣಿಗೆ ಕಟ್ಟುತ್ತಿತ್ತು. ಪಹಣಿಯಲ್ಲಿ ಮಾತ್ರ ಅದು ಅರಣ್ಯ!

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿ ಕಣಿವೆಯ ಊರುಗಳು ಮುಳುಗಿದವು. ನಾಡಿಗೆ ಬೆಳಕು ಕೊಟ್ಟ ಆ ಒಕ್ಕಲುಗಳಲ್ಲಿ ಅನೇಕರನ್ನು ಸರಕಾರವೇ ಶಿವಮೊಗ್ಗ, ಭದ್ರಾವತಿ ಸೀಮೆಯ ಕಾಡುಗಳಲ್ಲಿ ನೆಲೆಗೊಳಿಸಿತು. ನೆಲ ತೋರಿಸಿದವರು ಹಕ್ಕುಪತ್ರವನ್ನು ಮಾತ್ರ ಎಷ್ಟೋ ಮಂದಿಗೆ ಕೊಡಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆಯಿಲ್ಲದೆ ಕೊಡುವಂತೆಯೂ ಇರಲಿಲ್ಲ. ಈ ನೆಲವನ್ನು ಅರಣ್ಯದಿಂದ ಕೈಬಿಟ್ಟ ರಾಜ್ಯದ ಆದೇಶಗಳು 2021ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ರದ್ದಾದವು. ಮರುವರ್ಷ ನವೆಂಬರಿನಲ್ಲಿ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ನಡೆಯಿತು. ಬಾವುಟ ಪಕ್ಷದ್ದಾಗಿದ್ದರೂ ಸಂಕಟ ಇವರದೇ.

ಕಾಡನ್ನು ಕಾಯುವುದು ಧರ್ಮವೆಂಬುದನ್ನು ನಾವು ಬಲ್ಲೆವು. ಆದರೆ ಸರಕಾರವೇ ಕರೆತಂದು ಕೂರಿಸಿದವರನ್ನು ಒತ್ತುವರಿದಾರರೆಂದು ಕರೆಯುವುದು ಯಾವ ನ್ಯಾಯ?

ಮಜ್ಜಿಗೆ ತಂದಿಟ್ಟ ವೃದ್ಧೆಯನ್ನು ಹಳೆಯ ಊರಿನ ವಿಷಯ ಕೇಳಿದೆವು. “ಬೇಸಿಗೆಯಲ್ಲಿ ನೀರು ಇಳಿದರೆ ನಮ್ಮ ಮನೆಯ ಬಾವಿಕಟ್ಟೆ ಕಾಣ್ತದಂತೆ ಸ್ವಾಮೀ. ಮಕ್ಕಳು ಹೋಗಿ ನೋಡಿ ಬಂದರು. ನಾನು ಹೋಗಲಿಲ್ಲ,” ಎಂದರು.