ಅಪ್ಪನ ರಕ್ತದ ಚೀಟಿ

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದ್ದರಿಂದ ಇಂಗ್ಲಿಷಿನ ಕಾಗದ ಯಾವುದೇ ಬರಲಿ, ಓದಿ ಹೇಳುವ ಭಾರ ನನ್ನದು. ಕಳೆದ ಬೇಸಗೆಯಲ್ಲಿ ಅಪ್ಪ ತಮ್ಮ ರಕ್ತಪರೀಕ್ಷೆಯ ಚೀಟಿಯನ್ನು ನನ್ನ ಕೈಗಿತ್ತು, "ಏನ್ ಬರ್ದವ್ರೆ, ಓದಪ್ಪ" ಎಂದರು.

ಅಪ್ಪನ ಮೊಣಕೈ ಮೊಣಕಾಲುಗಳ ಮೇಲೆ ಬೆಳ್ಳನೆಯ ಹೊಟ್ಟು ಉದುರುವ ಕೆಂಪು ಕಲೆಗಳಿವೆ. ಊರವರು ಅದನ್ನು ಅಂಟುಕಜ್ಜಿ ಎಂದರು. ಮದುವೆಯ ಪಂಕ್ತಿಯಲ್ಲಿ ಅವರ ಪಕ್ಕದ ಎಲೆ ಬರಿದಾಗಿಯೇ ಉಳಿಯುತ್ತಿತ್ತು. ಬರಬರುತ್ತ ಬೆರಳ ಗಂಟುಗಳೂ ಊದಿ, ಕುಡುಗೋಲು ಹಿಡಿಯುವುದೇ ಕಷ್ಟವಾಯಿತು. ಪೇಟೆಯ ವೈದ್ಯರು ಕಲೆಗಳನ್ನೂ ಉಗುರಿನ ಮೇಲಿನ ಸಣ್ಣ ಗುಳಿಗಳನ್ನೂ ನೋಡಿ, ಇದು ಸೋರಿಯಾಸಿಸ್, ಕೀಲುಗಳಿಗೂ ಇಳಿದಿದೆ ಎಂದು ಹೇಳಿ, ರಕ್ತ ಪರೀಕ್ಷಿಸಿ ಕಳುಹಿಸಿದ್ದರು.

ಚೀಟಿಯಲ್ಲಿ ಇ.ಎಸ್.ಆರ್. 48 ಎಂದಿತ್ತು. ಇತಿಹಾಸದ ವಿದ್ಯಾರ್ಥಿಯಾದ ನನಗೆ 1857 ಗೊತ್ತೇ ಹೊರತು 48 ಗೊತ್ತಿಲ್ಲ. ಹೈಸ್ಕೂಲಿನ ವಿಜ್ಞಾನದ ಮೇಷ್ಟರನ್ನು ಕೇಳಿದೆ, ಪುಸ್ತಕ ತಿರುವಿದೆ. ರಕ್ತವನ್ನು ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಕೆಂಪುಕಣಗಳು ಮೆಲ್ಲಗೆ ತಳಕ್ಕಿಳಿಯುತ್ತವೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಇಳಿದವೆಂಬುದೇ ಆ ಅಂಕಿ. ಒಡಲಲ್ಲಿ ಉರಿಯೂತವಿದ್ದರೆ ಫೈಬ್ರಿನೋಜನ್ ಎಂಬ ಪ್ರೋಟೀನು ಹೆಚ್ಚಿ, ಕಣಗಳು ಪೇರಿಸಿದ ನಾಣ್ಯಗಳಂತೆ ಒಂದಕ್ಕೊಂದು ಕೂಡಿಕೊಂಡು ಬೇಗ ಇಳಿಯುತ್ತವೆ. 1921ರಲ್ಲಿ ಸ್ವೀಡನ್ನಿನ ವೆಸ್ಟರ್‌ಗ್ರೆನ್ ಪ್ರಕಟಿಸಿದ ಅಳತೆಯ ಕ್ರಮಕ್ಕೆ ಇಂದಿಗೂ ಅವರದೇ ಹೆಸರು. ಬಿಳಿಕಣಗಳಿಗೂ ಒಂದು ಲೆಕ್ಕವಿದೆ: ನ್ಯೂಟ್ರೋಫಿಲ್‌ಗಳನ್ನು ಲಿಂಫೋಸೈಟ್‌ಗಳಿಂದ ಭಾಗಿಸಬೇಕು. ಇಂಥ ರೋಗಿಗಳಲ್ಲಿ ಆ ಲಬ್ಧ ಸರಾಸರಿಯಲ್ಲಿ ಹೆಚ್ಚಿರುತ್ತದೆ. ಅಪ್ಪನದು 72ಕ್ಕೆ 18; ಅಂದರೆ 4.

ಆದರೆ ಈ ಅಂಕಿಗಳು ಹೊಗೆಯಿದ್ದಂತೆ. ಎಲ್ಲೋ ಬೆಂಕಿಯಿದೆ ಎನ್ನುತ್ತವೆ. ಯಾವ ಮನೆಯಲ್ಲೆಂದು ಹೇಳವು. ಸೋಂಕಿನ ಜ್ವರಕ್ಕೂ ಏರುತ್ತವೆ. ಕೀಲು ನೋಯುತ್ತಿದ್ದರೂ ಕೆಲವರಲ್ಲಿ ಏರುವುದೇ ಇಲ್ಲ. ರೋಗದ ಹೆಸರು ಹೇಳಿದ್ದು ವೈದ್ಯರ ಕಣ್ಣು, ಚೀಟಿಯಲ್ಲ.

ಇದನ್ನೆಲ್ಲ ವಿವರಿಸಿದೆ. ಅಪ್ಪ ಕೇಳಿದ್ದು ಒಂದೇ ಮಾತು: "ಅಂಗಾರೆ ಇದು ಅಂಟಾಕಿಲ್ವಾ?"

ನಾನು ತಲೆ ತಗ್ಗಿಸಿದೆ. ಬುದ್ಧಿ ಬಂದಾಗಿನಿಂದ ನಾನೂ ಅವರ ಲೋಟದಲ್ಲಿ ನೀರು ಕುಡಿದವನಲ್ಲ. "ಅಂಟಲ್ಲ ಅಪ್ಪ" ಎಂದು ಅವರ ಲೋಟವನ್ನೇ ತೆಗೆದುಕೊಂಡು ಕುಡಿದೆ. ಅಪ್ಪ ಏನೂ ಅನ್ನದೆ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಮುಂದಿನ ಮದುವೆಯ ಪಂಕ್ತಿಯಲ್ಲಿ ನಾನು ಅವರ ಪಕ್ಕದಲ್ಲೇ ಕುಳಿತೆ. ಈ ಸಲ ನನ್ನ ಪಕ್ಕದ ಎಲೆ ಬರಿದಾಗಿತ್ತು. ಅದನ್ನು ತುಂಬಿಸುವುದು ಯಾವ ಚೀಟಿಯಿಂದಲೂ ಆಗದು. ಆ ಕೆಲಸ ಓದಿದ ನಮ್ಮದು.